ಬದಲಿ ಮಂಡಿಗೆ 10 ವರ್ಷವಷ್ಟೇ ಆಯಸ್ಸಾ? ಒಂದು ಸ್ಪಷ್ಟನೆ

‘ಮಂಡಿಗೆ ಹಾಕಿದ ಕೃತಕ ಕೀಲು 10 ವರ್ಷಕ್ಕೆ ಸವೆದುಹೋಗುತ್ತದೆ, ಮತ್ತೆ ಆಪರೇಷನ್ ಗ್ಯಾರಂಟಿ’ ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ನಾಲ್ಕು ಜನಕ್ಕೆ ಕಳಿಸಿದ್ದೆ. ಅದು ತಪ್ಪು.

2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು ಶೇ. 82ರಷ್ಟು 25 ವರ್ಷ ಬಾಳುತ್ತವೆ. ಮಂಡಿಯೊಳಗಿನ ಒಂದು ಬದಿ ಮಾತ್ರ ಬದಲಿಸಿದ್ದರೆ ಸುಮಾರು ಶೇ. 70. ಇದು ಆಸ್ಟ್ರೇಲಿಯಾ, ಫಿನ್‌ಲೆಂಡ್‌ಗಳ ರಿಜಿಸ್ಟ್ರಿಗಳ, ಅಂದರೆ ಬದಲಿ ಕೀಲುಗಳ ದಾಖಲೆಗಳ, ಲೆಕ್ಕ. ಯಾವ ಕೀಲು, ಯಾವತ್ತು ಹಾಕಿದರು ಎಂದು ಅಲ್ಲಿ ದಾಖಲಾಗುತ್ತದೆ. ಮುಂದೆ ಅದನ್ನು ತೆಗೆದರೆ ಅದೂ ಸೇರುತ್ತದೆ. ಬೇಗ ಕೆಡುವ ಮಾದರಿ ಸಿಕ್ಕಿಬೀಳುವುದೂ ಹೀಗೇ ಅಲ್ವಾ! ಸ್ವೀಡನ್ ಈ ಕೆಲಸ ಶುರುಮಾಡಿದ್ದು 1975ರಲ್ಲೇ.

ಕೆಲವರಿಗೆ ಸೋಂಕಾಗುತ್ತದೆ, ಕೀಲು ಸಡಿಲವಾಗುತ್ತದೆ, ನಿಜ. ಆದರೂ ನೋವಲ್ಲಿರುವವರನ್ನು ಸುಮ್ನೆ ಹೆದರಿಸುವ ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.