ಬೌದ್ಧನ ಅಂಗಡಿಯಲ್ಲಿ ‘ಔಷಧಿ’

ನಾವು ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ಪಡೆದು ಒಂಬತ್ತು ವರ್ಷಗಳಾದವು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗಲೆಲ್ಲ ನೆಂಟರು ಕೇಳುವುದು ಒಂದೇ: ‘ಈ ಸಲವೂ ದರ್ಶನಕ್ಕೆ ಬರುವುದಿಲ್ಲವೇ?’ ಬೌದ್ಧನಾದವನು ಏನೇನು ಬಿಟ್ಟ ಎಂಬುದಷ್ಟೇ ಅವರ ಕುತೂಹಲ. ನಾನೂ ಬಹುಕಾಲ ಅಷ್ಟನ್ನೇ ಬೌದ್ಧತನವೆಂದು ನಂಬಿದ್ದೆ.

1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ತಮ್ಮೊಡನೆ ಬೌದ್ಧರಾದವರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಮೊದಲಿನವು ದೇವರುಗಳನ್ನು ಪೂಜಿಸುವುದಿಲ್ಲ, ಬುದ್ಧನನ್ನು ವಿಷ್ಣುವಿನ ಅವತಾರವೆಂದು ಒಪ್ಪುವುದಿಲ್ಲ ಎನ್ನುವಂಥವು. ತಲೆಮಾರುಗಳಿಂದ ಅವಮಾನ ಉಂಡವರಿಗೆ ಅವು ಸಣ್ಣ ಮಾತುಗಳಲ್ಲ. ಆದರೆ ನನ್ನ ಮಟ್ಟಿಗೆ ಪಾಲಿಸಲು ಕಷ್ಟವಾಗಲಿಲ್ಲ. ಗೋಡೆಯ ಪಟಗಳನ್ನು ಇಳಿಸಲು ಅರ್ಧ ದಿನ ಸಾಕಾಯಿತು. ಅದೇ ಪ್ರತಿಜ್ಞೆಗಳ ನಡುವೆ ಬುದ್ಧ ತೋರಿದ ಅಷ್ಟಾಂಗ ಮಾರ್ಗದಲ್ಲಿ ನಡೆಯುತ್ತೇನೆ ಎಂಬ ಮಾತೂ ಇದೆ, ಆ ಎಂಟರಲ್ಲಿ ಐದನೆಯದು ಸಮ್ಯಕ್ ಆಜೀವ, ಎಂದರೆ ಸರಿಯಾದ ಜೀವನೋಪಾಯ. ಉಪಾಸಕನು, ಎಂದರೆ ಸಂಸಾರದಲ್ಲಿರುವ ಬೌದ್ಧನು, ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧನ ಉಪದೇಶಗಳ ಪಾಲಿ ಗ್ರಂಥವಾದ ಅಂಗುತ್ತರ ನಿಕಾಯ ಹೆಸರಿಸುತ್ತದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ.

ನಾನು ಗೊಬ್ಬರ, ಕೀಟನಾಶಕಗಳ ಅಂಗಡಿಯವನು.

ನಮ್ಮ ಕಡೆ ಅದನ್ನು ಯಾರೂ ವಿಷ ಎನ್ನುವುದಿಲ್ಲ, ‘ಔಷಧಿ’ ಎನ್ನುತ್ತಾರೆ. ಮುಂಗಾರಿನಲ್ಲಿ ಆಲೂಗಡ್ಡೆಗೆ ಅಂಗಮಾರಿ ತಗುಲಿದರೆ ‘ಅಣ್ಣ, ಒಳ್ಳೆ ಔಷಧಿ ಕೊಡಿ’ ಎಂದು ರೈತರು ಓಡಿ ಬರುತ್ತಾರೆ. ಬೆಳೆ ಉಳಿಸಿಕೊಳ್ಳದೆ ಅವರ ಬದುಕು ನಡೆಯದು. ಅವರು ಸಿಂಪಡಿಸುವುದನ್ನು ಪಾಪವೆನ್ನಲು ನಾನು ಯಾರು? ಆದರೆ ಡಬ್ಬಿಯ ಮೇಲಿನ ತ್ರಿಕೋನ ಹಸಿರಾಗಿದ್ದರೆ ಏನು, ಕೆಂಪಾಗಿದ್ದರೆ ಎಂಥ ಘೋರ ವಿಷ ಎಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಬರಿಗೈಯಲ್ಲಿ ಕಲಸಿ ಸಿಂಪಡಿಸುವವನೆಂದು ತಿಳಿದೂ, ಒಂದು ಮಾತು ಎಚ್ಚರಿಸದೆ ಬಿಲ್ಲು ಬರೆದುಕೊಟ್ಟ ದಿನಗಳು ನನ್ನ ಲೆಕ್ಕದಲ್ಲಿವೆ.

ಬೌದ್ಧರು ಪಾಲಿ ಭಾಷೆಯಲ್ಲಿ ಹೇಳಿಕೊಳ್ಳುವ ಐದು ನಿಯಮಗಳಾದ ಪಂಚಶೀಲದ ಪ್ರತಿಯೊಂದು ಸಾಲೂ ‘ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’ ಎಂದು ಮುಗಿಯುತ್ತದೆ. ಇಂಥದ್ದರಿಂದ ದೂರವಿರುವ ಶಿಕ್ಷಣವನ್ನು ನಾನಾಗಿ ಕೈಗೊಳ್ಳುತ್ತೇನೆ ಎಂದು ಅದರ ಅರ್ಥ. ಅಲ್ಲಿ ಆಜ್ಞೆ ಮಾಡುವ ದೇವರಿಲ್ಲ, ತಪ್ಪುಕಾಣಿಕೆ ಹಾಕಿ ಪಾರಾಗಲು ಹುಂಡಿಯೂ ಇಲ್ಲ. ಬೌದ್ಧನಾಗಿರುವುದೆಂದರೆ ಕೈಗೊಂಡದ್ದರ ಲೆಕ್ಕವನ್ನು ತನಗೆ ತಾನೇ ಒಪ್ಪಿಸುವುದು ಎಂದು ನನಗೆ ಹೊಳೆದದ್ದು ದೀಕ್ಷೆಯ ದಿನ ಅಲ್ಲ, ಎಷ್ಟೋ ವರ್ಷಗಳ ಮೇಲೆ, ಸಂಜೆ ಗಲ್ಲಾದ ಹಣ ಎಣಿಸುತ್ತಿದ್ದಾಗ.

ಅಂಗಡಿಯನ್ನು ಇನ್ನೂ ಮುಚ್ಚಿಲ್ಲ. ಮಗಳ ಓದಿಗೆ ಮಾಡಿದ ಸಾಲ ತೀರಬೇಕು (ಇದು ನಿಜ, ನೆಪವೂ ಹೌದು). ಕಳೆದ ಮುಂಗಾರಿನಿಂದ ಕೆಂಪು ತ್ರಿಕೋನದ ಡಬ್ಬಿಗಳನ್ನು ತರಿಸುವುದನ್ನು ನಿಲ್ಲಿಸಿದ್ದೇನೆ. ಅವನ್ನೇ ಕೇಳಿ ಬಂದವರು ಎದುರಿನ ಅಂಗಡಿಗೆ ಹೋಗುತ್ತಾರೆ.