ಒಂದೇ ಮಿನಾರು, ಎರಡು ಇಸವಿ

ಬೀದರಿನಲ್ಲಿ ನಮ್ಮದೊಂದು ಪುಟ್ಟ ಇತಿಹಾಸ ಸಂಘ ಇದೆ. ನಿವೃತ್ತ ಹೆಡ್‌ಮಾಸ್ತರರು ಅಧ್ಯಕ್ಷರು, ಬಟ್ಟೆ ಅಂಗಡಿ ಮಾಲೀಕರು ಖಜಾಂಚಿ, ನಾನು ಜಂಟಿ ಕಾರ್ಯದರ್ಶಿ. ಜಂಟಿ ಕಾರ್ಯದರ್ಶಿ ಅಂದರೆ ಬ್ಯಾನರ್ ಕಟ್ಟುವುದು, ಕುರ್ಚಿ ಹಾಕಿಸುವುದು, ಮುಖ್ಯ ಅತಿಥಿಗಳು ಎಲ್ಲಿದ್ದಾರೆ ಅಂತ ಫೋನ್ ಮಾಡುವುದು. ಅವರು ಯಾವಾಗಲೂ "ಹಾದ್ಯಾಗ ಇದ್ದೀನ್ರಿ" ಅನ್ನುತ್ತಾರೆ. ಹಿಂದಿನಿಂದ ಕುಕ್ಕರ್ ಸೀಟಿ ಕೇಳಿಸುತ್ತಿರುತ್ತದೆ.

ನಮ್ಮ ವರ್ಷ ಶುರುವಾಗುವುದು ಏಪ್ರಿಲ್ 18ಕ್ಕೆ, ವಿಶ್ವ ಪರಂಪರೆ ದಿನದ ಕೋಟೆ ನಡಿಗೆಯಿಂದ. ಬಿಸಿಲು ಏರುವುದರೊಳಗೆ ಮುಗಿಸೋಣ ಅಂತ ಬೆಳಿಗ್ಗೆ 7ಕ್ಕೆ ಎಂದು ವಾಟ್ಸಾಪಿನಲ್ಲಿ ಹಾಕಿದೆವು. "ಸರಿಯಾಗಿ" ಅಂತಲೂ ಸೇರಿಸಿದೆವು. ಎಲ್ಲರೂ ಹೆಬ್ಬೆರಳು ಒತ್ತಿದರು. ಬಂದದ್ದು ಒಂಬತ್ತಕ್ಕೆ. ಅಷ್ಟರಲ್ಲಿ ರಂಗೀನ್ ಮಹಲಿನ ಕೀಲಿ ಹಿಡಿದು ನಮ್ಮ ದಾರಿ ನೋಡಿದವರು ನಾಷ್ಟಾಕ್ಕೆ ಹೋಗಿಬಿಟ್ಟಿದ್ದರು. ಅಧ್ಯಕ್ಷರು ಎದೆಗುಂದುವವರಲ್ಲ. ಮುಚ್ಚಿದ ಬಾಗಿಲಿನ ಮುಂದೆಯೇ ನಿಂತು, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ, ಕೆತ್ತನೆಯ ಮರದ ಕಂಬ, ಬಣ್ಣದ ಹೆಂಚು ಎಲ್ಲವನ್ನೂ ಕೈಯಾಡಿಸಿ ವರ್ಣಿಸಿದರು. ಕೀಲಿ ಬರುವ ಹೊತ್ತಿಗೆ ನಮ್ಮ ಮಂದಿ ಸುಸಲಾ, ಮಿರ್ಚಿ ಭಜಿ ಹುಡುಕಿಕೊಂಡು ಹೋಗಿಯಾಗಿತ್ತು. ಒಳಗೆ ಹೋಗಿ ನೋಡಿದ್ದು ಅಧ್ಯಕ್ಷರು ಮತ್ತು ಹೈದರಾಬಾದಿನಿಂದ ಬಂದಿದ್ದ ಒಂದು ಕುಟುಂಬ. ಅವರಿಗೂ ನಮ್ಮ ಸಂಘಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ವರದಿಯಲ್ಲಿ ಹಾಜರಿ ಅಂತ ಅವರನ್ನೂ ಸೇರಿಸಿದ್ದೇವೆ.

ಮಳೆಗಾಲ ಶುರುವಾಗುವ ಮೊದಲು ನೌಬಾದಿನ ಕರೇಜ್ ನೋಡಲು ಹೋದೆವು. ನಮ್ಮ ಕಡೆ ಸುರಂಗ ಬಾವಿ ಅನ್ನುತ್ತಾರೆ. ಬಹಮನಿ ಕಾಲದಲ್ಲಿ ಇರಾನಿನ ಕಡೆಯಿಂದ ಬಂದ ವಿದ್ಯೆ ಇದು. ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯ ಹಾಗೆ ಗಾಳಿಕಿಂಡಿ ಇಳಿಸಿದ್ದಾರೆ. ನೆಲದೊಳಗಿನ ನೀರು ಇಳಿಜಾರು ಹಿಡಿದು ತಾನೇ ಹರಿಯುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. "ಆರುನೂರು ವರ್ಷದ ಹಿಂದೆಯೇ ನಮ್ಮ ಊರಿಗೆ ನೀರಿನ ಚಿಂತೆ ಇರಲಿಲ್ಲ" ಅಂತ ಉಪನ್ಯಾಸಕರು ಹೇಳುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಕುಡಿಯುವ ನೀರಿನ ಕ್ಯಾನ್ ತರುತ್ತಿದ್ದ ಆಟೋದವನು ಫೋನ್ ಮಾಡಿ, "ಸರ್, ನೌಬಾದ್‌ದಾಗ ಎಲ್ಲಿ? ನಾ ಬಸ್ ಸ್ಟ್ಯಾಂಡಿನ್ಯಾಗ ನಿಂತೀನಿ" ಅಂದ. ಆ ನೀರು ಕೊನೆವರೆಗೂ ಬರಲಿಲ್ಲ. ಉಪನ್ಯಾಸಕರ ಗಂಟಲು ಒಣಗಿದ್ದರಿಂದ ಭಾಷಣ ಮಾತ್ರ ಬೇಗ ಮುಗಿಯಿತು. ಅದಕ್ಕೆ ಆಟೋದವನಿಗೆ ಕೆಲವರು ಒಳಗೊಳಗೇ ಥ್ಯಾಂಕ್ಸ್ ಹೇಳಿರಬೇಕು.

ಭಾರೀ ಜನ ಸೇರಿದ್ದು ಬಿದ್ರಿ ಪ್ರಾತ್ಯಕ್ಷಿಕೆಗೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಗೀರಿನೊಳಗೆ ಬೆಳ್ಳಿ ತಂತಿ ತಟ್ಟಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಸತು ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಇದಕ್ಕೆ ಆಗುವುದಿಲ್ಲ. ಕೋಟೆಯೊಳಗೆ ಬಿಸಿಲು-ಮಳೆ ತಾಗದ ಹಳೇ ಜಾಗದ ಮಣ್ಣೇ ಬೇಕು. ಆ ಮಣ್ಣು ಹೌದೋ ಅಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ.

ಇಷ್ಟು ಹೇಳಿದ್ದೇ ತಡ, ತಟ್ಟೆಯಲ್ಲಿದ್ದ ಮಣ್ಣು ಮುಂದಿನ ಸಾಲಿನಲ್ಲಿ ಕೈಯಿಂದ ಕೈಗೆ ಹೋಗತೊಡಗಿತು. ಎಲ್ಲರೂ ಪ್ರಸಾದ ತೆಗೆದುಕೊಂಡ ಹಾಗೆ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡರು. ಸಕ್ಕರೆ ಕಾಯಿಲೆ ಅಂತ ಚಹಾ ಬಿಟ್ಟ ಹಿರಿಯರೊಬ್ಬರು ಎರಡು ಸಲ ತಗೊಂಡು, ಕಣ್ಣು ಮುಚ್ಚಿ ಚಪ್ಪರಿಸಿ, "ಉಪ್ಪು ಸ್ವಲ್ಪ ಕಮ್ಮಿ ಅದ" ಅಂತ ತೀರ್ಪು ಕೊಟ್ಟರು. ತಟ್ಟೆ ವಾಪಸ್ ಬಂದಾಗ ಅರ್ಧ ಖಾಲಿ. ಕುಶಲಕರ್ಮಿಯ ಮುಖ ನೋಡಬೇಕಿತ್ತು. ಹೂದಾನಿ ಅದ್ದಲು ಇಟ್ಟುಕೊಂಡಿದ್ದ ಮಣ್ಣು ಅದು!

ಅಷ್ಟರಲ್ಲಿ ಖಜಾಂಚಿ ಬೆರಳಿನ ಉಂಗುರ ಬಿಚ್ಚುತ್ತಾ ಮುಂದೆ ಹೋದರು. "ಲಗ್ನದಾಗ ನಮ್ಮ ಮಾವ ಹಾಕಿದ್ದು. ಬೆಳ್ಳಿ ಖರೇ ಇದ್ರ ಬೆಳ್ಳಗೇ ಇರ್ತದ ಅಲ್ಲಾ? ಇದರಾಗ ಅದ್ದಿ ನೋಡ್ರಿ."

ಕುಶಲಕರ್ಮಿ ಉಂಗುರ ತಿರುಗಿಸಿ ನೋಡಿ, ಹಿಂದೆ ಕೂತಿದ್ದ ಖಜಾಂಚಿಯ ಹೆಂಡತಿಯನ್ನೂ ನೋಡಿ, "ಬ್ಯಾಡ ಬಿಡ್ರಿ ಕಾಕಾ. ಕರ್ರಗಾದ್ರ ನಿಮ್ಮ ಮನ್ಯಾಗ ಜಗಳ, ಆಗದಿದ್ರ ನನ್ನ ಮಸಾಲಿ ಸರಿ ಇಲ್ಲಂತೀರಿ" ಅಂತ ವಾಪಸ್ ಕೊಟ್ಟರು.

ಮಕ್ಕಳ ಚಿತ್ರಕಲಾ ಸ್ಪರ್ಧೆ ಮಹಮೂದ್ ಗವಾನ್ ಮದರಸಾದ ಎದುರು ನಡೆಯಿತು. 1472ರ ಕಟ್ಟಡ. ಮುಂಭಾಗಕ್ಕೆ ಎರಡು ಮಿನಾರು ಇದ್ದವು. 17ನೇ ಶತಮಾನದ ಕೊನೆಯಲ್ಲಿ ಸಿಡಿಲೋ ಸಿಡಿಮದ್ದೋ (ಪುಸ್ತಕಗಳಲ್ಲಿ ಎರಡೂ ಇದೆ) ಒಂದನ್ನು ಕೆಡವಿತು. ಈಗ ಉಳಿದಿರುವುದು ಒಂದೇ. ಆದರೆ ಕಟ್ಟಡವನ್ನೇ ನೋಡುತ್ತಾ ಕೂತ ಹುಡುಗನೊಬ್ಬ ಎರಡೂ ಮಿನಾರು ಬರೆದ. ಯಾಕಪ್ಪಾ ಅಂದರೆ, "ಒಂದೇ ತೆಗೆದ್ರ ಚಿತ್ರ ಅರ್ಧಾ ಬಿಟ್ಟಿ ಅಂತ ನಮ್ಮ ಮಿಸ್ ಬಯ್ತಾರ್ರಿ" ಅಂದ. ತೀರ್ಪುಗಾರರಲ್ಲಿ ಜಗಳ ಹತ್ತಿತು. ಇದು ಕಣ್ಣೆದುರಿನ ಸತ್ಯಕ್ಕೆ ವಿರುದ್ಧ ಅಂತ ಒಬ್ಬರು, ಇದೇ ನಿಜವಾದ ಇತಿಹಾಸ ಅಂತ ಇನ್ನೊಬ್ಬರು. ಕೊನೆಗೆ ಮಿನಾರೇ ಬರೆಯದೆ ಮುಂದೆ ನಿಂತಿದ್ದ ಐಸ್‌ಕ್ರೀಮ್ ಗಾಡಿ ಬರೆದ ಹುಡುಗಿಗೆ ಮೊದಲ ಬಹುಮಾನ ಹೋಯಿತು. ನನ್ನ ಮತವೂ ಅವಳಿಗೇ. ಗಾಡಿಯ ಚಕ್ರದ ಕಡ್ಡಿ ಕೂಡ ಲೆಕ್ಕ ತಪ್ಪಿರಲಿಲ್ಲ.

ಇನ್ನು ಉಪನ್ಯಾಸಮಾಲೆ. ಬಹಮನಿ ಸುಲ್ತಾನ ಅಹಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದು ಯಾವಾಗ ಅನ್ನುವುದು ವಿಷಯ. ಒಬ್ಬರು 1424 ಅಂದರು. ಇನ್ನೊಬ್ಬರು ಕೋಟೆ ಕೆಲಸ ಮುಗಿದ 1432ನ್ನೇ ಹಿಡಿಯಬೇಕು ಅಂದರು. "ಮನಿ ಕಟ್ಟೋದು ಮುಗಿಯೋದ್ರಾಗ ಯಾರಾದ್ರೂ ಸಾಮಾನು ತರ್ತಾರೇನ್ರಿ?" "ಬಾಡಿಗಿ ಉಳಿಸಾಕ ತರ್ತಾರ್ರಿ!" ಮೈಕ್ ಕೈ ಬದಲಾಯಿಸುತ್ತಲೇ ಇತ್ತು. ಹಾಲ್‌ನವನು ಬಂದು ಫ್ಯಾನ್ ಬಂದ್ ಮಾಡಿದ ಮೇಲೆ ಸಭೆ ಮುಗಿಯಿತು.

ವಾರ್ಷಿಕ ಸಭೆಗೆ ಕ್ಯಾಲೆಂಡರ್ ನೋಡದೆ ದಿನ ಇಟ್ಟವರು ಯಾರೋ, ಅದು ಎಳ್ಳಮಾಸಿ ದಿನವೇ ಬಂತು. ಆ ದಿನ ಬೀದರ್ ಜಿಲ್ಲೆಯಲ್ಲಿ ಮನೆಯಲ್ಲಿ ಯಾರು ಕೂರುತ್ತಾರೆ? ಊರಿಗೆ ಊರೇ ಹೊಲದಲ್ಲಿ. ಕೋರಂ ಆಗಲಿಲ್ಲ. ಕೊನೆಗೆ ಅಧ್ಯಕ್ಷರನ್ನೂ ನಡಾವಳಿ ಪುಸ್ತಕವನ್ನೂ ಗಾಡಿ ಹಿಂದೆ ಕೂರಿಸಿಕೊಂಡು ಖಜಾಂಚಿಯ ಹೊಲಕ್ಕೇ ಹೋದೆ. ಅಲ್ಲಿ ಅರ್ಧ ಸಂಘ ಆಗಲೇ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಮುಂದೆ ಕೂತಿತ್ತು. ಕೋರಂ ತಾನಾಗಿ ಆಯಿತು.

ರಾಜಧಾನಿ ಬಂದ ಆರುನೂರನೇ ವರ್ಷವನ್ನು ಅದ್ದೂರಿಯಾಗಿ ಮಾಡಬೇಕು ಅಂತ ಅಧ್ಯಕ್ಷರು ಠರಾವು ಮಂಡಿಸಿದರು. 1424 ಅಂದರೆ ಈಗಾಗಲೇ ದಾಟಿಹೋಗಿದೆ, ಈ ವರ್ಷವೇ ಮಾಡಿ ಮುಗಿಸೋಣ ಅಂತ ಅವರ ವಾದ. ಇಸವಿ ವಿಷಯದಲ್ಲಿ ಎಂದೂ ಬಾಯಿ ಬಿಡದ ಖಜಾಂಚಿ ಅಂಬಲಿ ಬಟ್ಟಲು ಕೆಳಗಿಟ್ಟರು.

"1432 ಖರೇ ಅದರಿ. 2032ರ ತನಕ ಟೈಮ್ ಅದ."

"ಆಧಾರ ಏನ್ರಿ?" ಅಂದರು ಅಧ್ಯಕ್ಷರು.

"ಸಂಘದ ಪಾಸ್‌ಬುಕ್ ತರ್ಲೇನ್ರಿ?"