ಮೇಯರ್ ಬಂದು ಟೊಮೆಟೊ ತಗೊಂಡು ಹೋದ

ಮದುವೆ ಬ್ರೋಕರ್ ಕೆಲಸವೇ ವಾಸಿ. ಸಂಬಂಧ ಕೆಟ್ಟರೆ ಜಾತಕದ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಗೇಮ್ ಕೆಟ್ಟರೆ ಮಾತ್ರ ಹೇಳಿದವನ ಮನೆ ಬಾಗಿಲಿಗೇ ಬರುತ್ತಾರೆ.

ಕೋಲಾರದ ನಮ್ಮ ಬೀದಿಯಲ್ಲೂ, ನೆಂಟರಿಷ್ಟರಲ್ಲೂ ಫೋನಿಗೆ ಸಂಬಂಧಪಟ್ಟದ್ದೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. "ಟೈಮ್ ಪಾಸ್‌ಗೆ ಒಂದು ಗೇಮ್ ಹೇಳೋ" ಅಂತ ಬರುತ್ತಾರೆ. ಎಲ್ಲರಿಗೂ ಕ್ಯಾಂಡಿ ಕ್ರಷ್ ಹಾಕಿಕೊಟ್ಟು ಕಳಿಸಬಹುದು. ಅದು ನನಗೆ ಒಗ್ಗುವುದಿಲ್ಲ. ಆಳು ನೋಡಿ ಗೇಮ್ ಕೊಡಬೇಕು ಅನ್ನೋದು ನನ್ನ ಹಠ. ಹಾಗಾಗಿ ಮೊದಲು ಕೂರಿಸಿ ವಿಚಾರಿಸುತ್ತೇನೆ. ಯಾವುದಕ್ಕೆ ಸಿಟ್ಟು ಬರುತ್ತೆ? ದಿನವಿಡೀ ಏನು ಮಾಡಿ ಸಾಕಾಗಿದೆ? ಸೋತರೆ ಏನು ಮಾಡ್ತೀರಾ? ಈ ಕೊನೆಯ ಪ್ರಶ್ನೆಗೆ ಇವತ್ತಿನ ತನಕ ಯಾರೂ ನಿಜ ಹೇಳಿಲ್ಲ.

ಗೆಳೆಯನೊಬ್ಬನಂತೂ "ಸೋತರೆ ಇನ್ನೊಂದು ಸಲ ಆಡ್ತೀನಿ ಮಗಾ, ಕಷ್ಟದ್ದೇ ಕೊಡು" ಎಂದ. ಅಂತರಗಂಗೆ ಬೆಟ್ಟದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತುವ ಆಸಾಮಿ. ಅವನಿಗೆ 2017ರಲ್ಲಿ ಬಂದ ಗೆಟ್ಟಿಂಗ್ ಓವರ್ ಇಟ್ ಹಾಕಿಕೊಟ್ಟೆ. ಅದರಲ್ಲಿ ಒಬ್ಬ ಮನುಷ್ಯ ಸೊಂಟದ ತನಕ ಕಡಾಯಿಯೊಳಗೆ ಕೂತಿರುತ್ತಾನೆ. ಕೈಯಲ್ಲಿ ಉದ್ದನೆಯ ಸುತ್ತಿಗೆ. ಅದನ್ನೇ ಊರಿಕೊಂಡು ಬೆಟ್ಟ ಹತ್ತಬೇಕು. ಜಾರಿದರೆ ಒಮ್ಮೊಮ್ಮೆ ಸೀದಾ ಬುಡಕ್ಕೆ. ಬಿದ್ದಾಗಲೆಲ್ಲ ಒಂದು ದನಿ ಸಮಾಧಾನವಾಗಿ ಸೋಲಿನ ಬಗ್ಗೆ ಮಾತಾಡುತ್ತೆ. ರಾತ್ರಿ ಊಟದ ಹೊತ್ತಿಗೆ ಗೆಳೆಯನ ಫೋನ್ ಹಾರಿ ಸಾಂಬಾರಿನ ಪಾತ್ರೆಗೆ ಬಿತ್ತು. ಮಾರನೆಯ ದಿನ ಹೆಂಡತಿಯ ಫೋನಿನಿಂದ ಮಾತಾಡಿದ. "ಬಿದ್ದಿದ್ದಕ್ಕೆ ಬೇಜಾರಿಲ್ಲ ಮಗಾ. ಬಿದ್ದವನಿಗೆ ವೇದಾಂತ ಹೇಳ್ತಾನಲ್ಲ, ಅದಕ್ಕೆ ಉರೀತು."

ಬೀದಿಯ ಹುಡುಗರು ನನ್ನನ್ನು ಏನೂ ಕೇಳುವುದಿಲ್ಲ. ಅವರಿಗೆ ಪಬ್ಜಿಯ ಭಾರತದ ಅವತಾರ ಬಿಜಿಎಂಐ ಇದೆ. 2020ರಲ್ಲಿ ಪಬ್ಜಿ ಬ್ಯಾನ್ ಆಗಿ, ಮುಂದಿನ ವರ್ಷ ಇದು ಬರುವ ತನಕ ಮಾತ್ರ ಒಂದಷ್ಟು ಜನ ಸಲಹೆ ಕೇಳಲು ಬಂದಿದ್ದರು. ಆಗ ನನಗಿದ್ದ ಮರ್ಯಾದೆಯೇ ಬೇರೆ.

ಸರ್ಕಾರಿ ಕಚೇರಿಯೊಂದರಲ್ಲಿ ಕೇಸ್ ವರ್ಕರ್ ಆಗಿರುವ ನೆಂಟರೊಬ್ಬರಿಗೆ ಪೇಪರ್ಸ್ ಪ್ಲೀಸ್ ತೋರಿಸಿದೆ. 2013ರ ಗೇಮ್. ಆಡುವವರು ಗಡಿಯಲ್ಲಿ ಕೂತು ಬಂದವರ ಕಾಗದಪತ್ರ ನೋಡಬೇಕು, ಠಸ್ಸೆ ಒತ್ತಬೇಕು. ಎಷ್ಟು ಜನರ ಕೆಲಸ ಮುಗಿಸಿದರೋ ಅಷ್ಟೇ ಸಂಬಳ. ತಪ್ಪು ಜಾಸ್ತಿ ಆದರೆ ಅದರಲ್ಲೂ ಕತ್ತರಿ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ವಿಲೇವಾರಿ ಲೆಕ್ಕದಲ್ಲಿ ಸಂಬಳವಾ? ಯಾವನಪ್ಪಾ ಇದನ್ನ ಮಾಡಿದ್ದು?" ಸ್ವಲ್ಪ ಹೊತ್ತು ಪರದೆಯ ಮೇಲೆ ಏನೋ ಹುಡುಕಿದರು. ಕೊನೆಗೆ ಕೇಳಿದರು: "ನಾಳೆ ಬನ್ನಿ ಅನ್ನೋ ಬಟನ್ ಎಲ್ಲಿದೆ?"

ಅತ್ತಿಗೆಯದು ಬೇರೆಯೇ ಕತೆ. ಅವರಿಗೆ ಕೊಳೆ ಕಂಡರೆ ಆಗದು. ಅಂಥವರಿಗೆಂದೇ ಮಾಡಿಸಿದಂಥ ಪವರ್‌ವಾಶ್ ಸಿಮ್ಯುಲೇಟರ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಟ್ಟೆ. ಕೈಯಲ್ಲಿ ನೀರು ಚಿಮ್ಮುವ ಗನ್ನು. ಎದುರಿಗೆ ಕೆಸರು ಮೆತ್ತಿದ ಗಾಡಿ, ಗೋಡೆ, ಅಂಗಳ. ತೊಳೆಯುತ್ತಾ ಹೋಗುವುದು, ಅಷ್ಟೇ ಆಟ. ಅತ್ತಿಗೆ ಒಂದು ನಿಮಿಷ ನೋಡಿ ಕಿರುಚಿದರು. "ನಿಲ್ಸೋ! ಎಷ್ಟು ನೀರು ಹೋಗ್ತಿದೆ! ಇದು ಬೋರೋ, ಟ್ಯಾಂಕರೋ?"

ತಪ್ಪೇನಿಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಸಾವಿರ ಅಡಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ, 2018ರಿಂದ ಕೆ.ಸಿ. ವ್ಯಾಲಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವ ಹೆಂಗಸಿಗೆ ಈ ಆಟ ಪಾಪದ ಕೆಲಸದ ಹಾಗೆ ಕಂಡಿತು. ಈ ನೀರು ಖರ್ಚಾಗಲ್ಲ, ಮೋಟರ್ ಸುಡಲ್ಲ, ಕರೆಂಟ್ ಬಿಲ್ ಬರಲ್ಲ ಅಂತ ಬಿಡಿಸಿ ಹೇಳಿದೆ. ಅನುಮಾನದಲ್ಲೇ ಕೂತರು. ಒಂದು ಭಾಗ ಪೂರ್ತಿ ಕ್ಲೀನ್ ಆದರೆ ಅದು ಫಳ್ ಅಂತ ಹೊಳೆದು 'ಟಿಂಗ್' ಎನ್ನುತ್ತದೆ. ಮೊದಲ ಟಿಂಗ್ ಕೇಳಿದ ಮೇಲೆ ಅವರನ್ನು ಎಬ್ಬಿಸಲು ಆಗಲಿಲ್ಲ. ಆ ಸಂಜೆ ಸಿಂಕಿನಲ್ಲಿದ್ದ ಪಾತ್ರೆಗಳನ್ನು ಅಣ್ಣ ತೊಳೆದ. ಅದಕ್ಕೆ ಟಿಂಗ್ ಇಲ್ಲ. ಅಣ್ಣ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ನಮ್ಮಲ್ಲಿ ಇಲ್ಲದ ನೀರೇ ಅತ್ತಿಗೆಯನ್ನು ಹಿಡಿದು ಕೂರಿಸಿತು ಎಂಬ ಈ ಗುಟ್ಟು ಹೊಳೆದ ಮೇಲೆ ದೊಡ್ಡಪ್ಪನಿಗೆ ಏನು ಕೊಡಬೇಕೆಂದು ಯೋಚಿಸಬೇಕಾಗಲಿಲ್ಲ. ದೊಡ್ಡಪ್ಪ ಟೊಮೆಟೊ ಬೆಳೆಗಾರ. ಬೆಳಗಿನ ಜಾವ ಮಂಡಿ, ಮಧ್ಯಾಹ್ನ ತೋಟ, ಸಂಜೆ ರೇಟಿನ ಚಿಂತೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದಾಗ ತೋಟದಲ್ಲೇ ಮಂಚ ಹಾಕಿಕೊಂಡು ಕಾವಲು ಮಲಗಿದ್ದರು. ರೇಟು ಬಿದ್ದಾಗ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದದ್ದೂ ಇದೆ. ಇಂಥವರ ಫೋನಿಗೆ ಸ್ಟಾರ್‌ಡ್ಯೂ ವ್ಯಾಲಿ ಹಾಕಿದೆ. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ, 2016ರಲ್ಲಿ ಬಂದ ಹೊಲದ ಗೇಮ್. ಅದರ ಇಂಗ್ಲಿಷ್ ಓದಿ ಹೇಳಲು ಮೊಮ್ಮಗಳು ಪಕ್ಕದಲ್ಲಿ ಕೂತಳು.

ಬೀಜಕ್ಕೆ 50, ಹಣ್ಣಿಗೆ 60. ಹಾಕಿದ 11 ದಿನಕ್ಕೆ ಟೊಮೆಟೊ, ಆಮೇಲೆ 4 ದಿನಕ್ಕೊಂದು ಬಿಡಿಸು. ನಮ್ಮಲ್ಲಿ ನಾಟಿ ಮಾಡಿ ಎರಡು ತಿಂಗಳಾದರೂ ಕಾಯಬೇಕು. ದೊಡ್ಡಪ್ಪ ಅದಕ್ಕೆ ಬೆರಗಾಗಲಿಲ್ಲ. "ಹೊಸ ಹೈಬ್ರಿಡ್ ಇರಬೇಕು" ಎಂದರು. ಬೆರಗಾದದ್ದು ರೇಟಿಗೆ. ಹತ್ತು ಹಾಕಿದರೂ 60, ನೂರು ಹಾಕಿದರೂ 60. ಹಣ್ಣನ್ನು ಮನೆ ಪಕ್ಕದ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗ್ಗೆ ದುಡ್ಡು ಬಂದಿರುತ್ತೆ. ಹರಾಜಿಲ್ಲ, ಕಮಿಷನ್ ಇಲ್ಲ.

"ಹಣ್ಣು ಯಾರು ತಗೊಂಡು ಹೋಗ್ತಾರೆ?"

"ಊರಿನ ಮೇಯರ್ ರಾತ್ರಿ ಬಂದು ತಗೊಂಡು ಹೋಗ್ತಾರೆ ತಾತ" ಎಂದಳು ಮೊಮ್ಮಗಳು.

"ಮೇಯರಾ? ದುಡ್ಡೂ ಕೊಡ್ತಾನಾ?"

ಆಮೇಲೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ಆ ಗೇಮಿನ ಟಿವಿ. ಅದರಲ್ಲಿ ನಾಳೆ ಮಳೆ ಅಂದರೆ ನಾಳೆ ಮಳೆಯೇ. ದೊಡ್ಡಪ್ಪ ನಿಜವಾದ ಟಿವಿಯ ಹವಾಮಾನ ನೋಡುವುದನ್ನೇ ಬಿಟ್ಟರು. ದೊಡ್ಡಮ್ಮ ಒಂದು ದಿನ ಒಣಹಾಕಿದ್ದ ಸಂಡಿಗೆಯನ್ನೆಲ್ಲ ಒಳಗೆ ತಂದಿಟ್ಟರಂತೆ. ಮಳೆ ಬಂದದ್ದು ಫೋನಿನಲ್ಲಿ.

ಒಂದು ಬೆಳಗ್ಗೆ ಇನ್ನೂ ಬೆಳಕು ಹರಿದಿರಲಿಲ್ಲ, ಫೋನ್ ಬಂತು. "ಗಿಡ ಎಲ್ಲ ಒಂದೇ ರಾತ್ರಿಗೆ ಹೋಯ್ತು ಕಣೋ. ಹೂವು ಕಾಯಿ ಎಲ್ಲ ಇತ್ತು." ದನಿ ನಡುಗುತ್ತಿತ್ತು. ಸಾಲ ಮಾಡಿ ಹಾಕಿದ ಬೆಳೆ. ಔಷಧಿ ಅಂಗಡಿ ಇಟ್ಟಿರುವ ಪರಿಚಯದವರನ್ನು ಎಬ್ಬಿಸಿ, ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿಗೆ ಓಡಿದೆ. ದಾರಿಯುದ್ದಕ್ಕೂ ಅವರು "ಅಂಗಮಾರಿ ಆಗಿರಬೇಕು, ಇಲ್ಲಾ ಎಲೆ ಮುದುರು" ಅಂತ ಲೆಕ್ಕ ಹಾಕುತ್ತಿದ್ದರು. ಹೋಗಿ ನೋಡಿದರೆ ತೋಟ ಹಸಿರಾಗಿ ನಿಂತಿದೆ. ದೊಡ್ಡಪ್ಪ ಜಗುಲಿಯಲ್ಲಿ ಫೋನ್ ಹಿಡಿದು ಕೂತಿದ್ದಾರೆ. ಆ ಗೇಮಿನಲ್ಲಿ ಒಂದು ಕಾಲ ಅಂದರೆ 28 ದಿನ. ಟೊಮೆಟೊ ಬೇಸಿಗೆ ಬೆಳೆ. 28 ಮುಗಿದ ರಾತ್ರಿಯೇ ಗಿಡ ಸತ್ತಂತೆ. ಔಷಧಿ ಅಂಗಡಿಯವರು ಫೋನನ್ನು ಕೈಗೆ ತಗೊಂಡು, ಒಣಗಿದ ಗಿಡಗಳನ್ನು ಹತ್ತಿರದಿಂದ ನೋಡಿದರು. "ಇದಕ್ಕೆ ನಮ್ಮಲ್ಲಿ ಏನೂ ಇಲ್ಲ ಯಜಮಾನ್ರೆ" ಅಂದರು. ಕಾಫಿ ಕುಡಿದು ಹೊರಡುವಾಗ ತಮ್ಮ ಫೋನಿಗೂ ಅದನ್ನು ಹಾಕಿಸಿಕೊಂಡರು.

ಜೀವನದಲ್ಲಿ ಸಿಗದ್ದನ್ನು ಗೇಮಿನಲ್ಲಿ ಕೊಟ್ಟರೆ ಜನ ಖುಷಿಯಾಗಿರುತ್ತಾರೆ ಎಂದು ನಾನು ಬೀದಿಯಲ್ಲಿ ಭಾಷಣ ಬಿಗಿಯಲು ಶುರು ಮಾಡಿದ್ದು ಆಗಲೇ. ನಮ್ಮ ಮಾವ ಅದಕ್ಕೆ ಕಲ್ಲು ಹಾಕಿದರು. ಮಾವ ರಿಟೈರ್ಡ್ ಬಸ್ ಡ್ರೈವರ್. ಜೀವನಪೂರ್ತಿ ಸ್ಟೇರಿಂಗ್ ತಿರುಗಿಸಿದವರಿಗೆ ಶಾಂತವಾಗಿ ಮೀನು ಹಿಡಿಯುವ ಗೇಮ್ ತೋರಿಸಿದೆ. ಮೊಮ್ಮಗನ ಕೈಯಲ್ಲಿದ್ದ ಫೋನೇ ಬೇಕು ಎಂದರು. ಅದರಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಓಡುತ್ತಿತ್ತು. ಗೇಮ್ ಆ ದೇಶದ್ದು, ಬಣ್ಣ ನಮ್ಮ ಕೆಂಪು ಬಸ್ಸಿನದು. ಕರ್ನಾಟಕ ಸಾರಿಗೆಯ ಬಣ್ಣ, ಬರಹವನ್ನೆಲ್ಲ ನಮ್ಮ ಹುಡುಗರೇ ಬರೆದು ಹಾಕಿಕೊಳ್ಳುತ್ತಾರೆ. ಅಲ್ಲೂ ಎಡಗಡೆಯೇ ಓಡಿಸುವುದು. ಮಾವನಿಗೆ ಅದು ಬಹಳ ಹಿಡಿಸಿತು. ಆದರೆ ಬಸ್ಸು ಹೊರಡಿಸಲಿಲ್ಲ. ಸ್ಟಾಪಿನಲ್ಲಿ ಸುಮ್ನೆ ನಿಲ್ಲಿಸಿಕೊಂಡು ಕೂತರು.

"ಹೊರಡಿ ತಾತ!"

"ರೈಟ್ ಅನ್ನದೆ ಹೆಂಗೆ ಹೊರಡಲಿ?"

ಈಗ ಮೊಮ್ಮಗ ಪಕ್ಕದಲ್ಲಿ ವಿಷಲ್ ಹಿಡಿದು ಕೂರುತ್ತಾನೆ. ಎರಡು ಸಲ ಊದಿದರೆ ಮಾವ ಗೇರು ಹಾಕುತ್ತಾರೆ. ಅವನು "ಹೋಲ್ಡಾನ್" ಎಂದು ಕೂಗಿದರೆ ಬ್ರೇಕ್. ರಾತ್ರಿ ಒಂಬತ್ತರ ತನಕ ಇದೇ ಗದ್ದಲ. ಹಿಂದಿನ ಬೀದಿಯಿಂದ ಒಬ್ಬರು ಬಂದು, ಇಲ್ಲಿ ಹೊಸ ಸ್ಟಾಪ್ ಆಗಿದೆಯಾ ಎಂದು ಕೇಳಿದರು.

ಅತ್ತೆ ಮಾತ್ರ ಆ ಬಸ್ಸಿನ ಮೇಲೆ ಸಿಟ್ಟಾಗಿದ್ದಾರೆ. ಮೊನ್ನೆ ಪರದೆಯನ್ನೇ ನೋಡುತ್ತಾ ನಿಂತಿದ್ದರು. ಜನ ಹತ್ತುತ್ತಾರೆ, ದುಡ್ಡು ಏರುತ್ತೆ. "ಶಕ್ತಿ ಬಂದು ಎಷ್ಟು ಕಾಲವಾಯ್ತು, ಹೆಂಗಸರ ಹತ್ತಿರವೂ ವಸೂಲಿ ಮಾಡ್ತಿದ್ದೀರಲ್ರೀ?"

ಮಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇದು ಅಂತರರಾಜ್ಯ ಬಸ್ಸು ಕಣೇ."